ಅತ್ತೆಯ ಪ್ರಾರ್ಥನೆ ನನ್ನ ಫೋನಿಗೆ ಬಂತು

ಅತ್ತೆಯ ಪ್ರಾರ್ಥನೆ ನನ್ನ ಫೋನಿಗೆ ಬಂದಾಗ ನಾನು ಗಿರಣಿಯಲ್ಲಿ ಬಾಣಂತಿ ಮನೆಯವರ ರಾಗಿ ಬೀಸುತ್ತಿದ್ದೆ. ಬಾಣಂತಿಗೆ ಎಂದರೆ ಹಿಟ್ಟು ನುಣ್ಣಗಿರಬೇಕು. ಕಲ್ಲು ಬಿಗಿ ಮಾಡಿ, ಕಾಳನ್ನು ಸ್ವಲ್ಪಸ್ವಲ್ಪವೇ ಬಿಡಬೇಕು. ಅಷ್ಟರಲ್ಲಿ ಸೊಂಟದಲ್ಲಿದ್ದ ಫೋನು ಅದುರಿತು. ನಮ್ಮೂರಿನಲ್ಲಿ ಫೋನು ಎರಡು ಥರ ಬರುತ್ತದೆ. ಮನುಷ್ಯರು ಮನುಷ್ಯರಿಗೆ ಮಾಡಿದ್ದಾದರೆ ಹೆಸರೋ ನಂಬರೋ ಮೂಡುತ್ತದೆ. ದೇವರಿಗೆ ಮಾಡಿಕೊಂಡದ್ದಾದರೆ ಏನೂ ಮೂಡುವುದಿಲ್ಲ, ಪರದೆ ಖಾಲಿ ಇರುತ್ತದೆ. ಅಂದು ಪರದೆ ಖಾಲಿ ಇತ್ತು. ಯಾರೋ ಪಾಪ, ಮಗುವಿಗೆ ಜ್ವರವೆಂದೋ ಮಗಳಿಗೆ ಗಂಡು ಸಿಗಲಿಲ್ಲವೆಂದೋ ಬೇಡಿಕೊಳ್ಳುತ್ತಿರಬೇಕು ಎಂದುಕೊಂಡು ಕಿವಿಗಿಟ್ಟೆ. ‘ಅಮ್ಮಾ ಕೋಡಿಯಮ್ಮ, ನಾನು ಹೊಂಬಾಳೆ ಬಂದಿವ್ನಿ ಕಣವ್ವ’ ಎಂದಿತು ಫೋನು. ಮುಂದಿನದನ್ನು ನಾನು ಕೇಳಲಿಲ್ಲ. ಫೋನನ್ನು ಪಕ್ಕದ ಹಿಟ್ಟಿನ ಡಬ್ಬದೊಳಗೆ ಎಸೆದುಬಿಟ್ಟೆ.

ಹೊಂಬಾಳೆ ಎಂದರೆ ಹೊಂಬಾಳಮ್ಮ, ನನ್ನ ಅತ್ತೆ. ನಾನು ಜಯಶೀಲ, ಅವರ ಸತ್ತ ಮಗನ ಹೆಂಡತಿ. ಆ ಗಿರಣಿ ನಡೆಸುತ್ತಿದ್ದವರು ನಾವಿಬ್ಬರೇ.

ನಮ್ಮೂರಿನಲ್ಲಿ ಯಾರಾದರೂ ಮನಸಾರೆ ಬೇಡಿಕೊಂಡರೆ ಅದು ಊರಿನ ಇನ್ನಾರದೋ ಫೋನಿಗೆ ಬರುತ್ತದೆ. ಗುಡಿಯೋ ದರ್ಗಾವೋ ಚರ್ಚೋ, ಇಲ್ಲ ಮನೆಯ ಹಿತ್ತಿಲೋ, ಎಲ್ಲಿ ಬೇಡಿಕೊಂಡರೂ ಅಷ್ಟೇ. ಕೇಳಿದವರು ಕೊನೆಯತನಕ ಕೇಳಿ, ಕಥೆ ಕೇಳುವಾಗ ಅನ್ನುವಂತೆ ಒಂದು ಹೂಂ ಅನ್ನಬೇಕು. ಹೂಂ ಎಂದರೆ ಅದು ಅಲ್ಲಿಗೆ ಮುಗಿಯಿತು. ಅನ್ನದಿದ್ದರೆ ಅದೇ ಪ್ರಾರ್ಥನೆ ಮಾರನೆಯ ದಿನ ಅದೇ ಹೊತ್ತಿಗೆ ಅದೇ ಫೋನಿಗೆ ಮತ್ತೆ ಬರುತ್ತದೆ, ಪಾಲು ಕೇಳುವ ದಾಯಾದಿಯ ಹಾಗೆ. ಹೂಂ ಎಂದಮೇಲೆ ಬೆರಳು ಒದ್ದೆ ಮಾಡಿಕೊಂಡು ಕಿವಿ ಒರೆಸಿಕೊಳ್ಳಬೇಕು. ಕೇಳಿದ್ದನ್ನು ಯಾರ ಮುಂದೆಯೂ ಆಡಬಾರದು, ಬೇಡಿಕೊಂಡವರ ಮುಂದಂತೂ ಆಡಲೇಬಾರದು. ಇದನ್ನು ಯಾರೂ ಕಾನೂನು ಮಾಡಿದ್ದಲ್ಲ. ಊರು ಸ್ವಲ್ಪ ಪೆಟ್ಟು ತಿಂದು ತಾನೇ ಕಲಿತದ್ದು.

ಮೊದಮೊದಲು ಭಾರಿ ಗದ್ದಲವಾಗಿತ್ತು. ಟವರಿನ ಕಂಪನಿಯವರು ಮಿಷನ್ನು ಹೊತ್ತುಕೊಂಡು ಬಂದು ಗುಡ್ಡ ಹತ್ತಿಳಿದರು. ಟಿವಿಯವರು ವ್ಯಾನು ನಿಲ್ಲಿಸಿ, ಯಾವ ದೇವರ ಭಕ್ತರ ಪ್ರಾರ್ಥನೆ ಹೆಚ್ಚು ಸ್ಪಷ್ಟವಾಗಿ ಕೇಳುತ್ತದೆ ಎಂದು ಸಿಕ್ಕಸಿಕ್ಕವರ ಬಾಯಿಗೆ ಮೈಕು ಹಿಡಿದರು. ನೆಗಡಿ ಆದವರದ್ದು ಸರಿಯಾಗಿ ಕೇಳಲ್ಲ, ಮಿಕ್ಕವರದ್ದೆಲ್ಲ ಕೇಳುತ್ತೆ ಅಂದರು ನಮ್ಮವರು. ಅದರಲ್ಲಿ ಜಗಳಕ್ಕೆ ಬೇಕಾದದ್ದು ಏನೂ ಸಿಗದೆ ವ್ಯಾನು ಹೊರಟುಹೋಯಿತು. ದೇವರನ್ನು ನಂಬದ ಚಂದ್ರಹಾಸ ಮೇಷ್ಟ್ರು, ಇದು ಬರೀ ಸಿಗ್ನಲ್ಲುಗಳ ಕಲಬೆರಕೆ ಎಂದು ಶಾಲೆಯಲ್ಲಿ ಪಾಠ ಮಾಡಿದರು. ಆದರೆ ಪಾಠದ ನಡುವೆ ಫೋನು ಬಂದರೆ ವರಾಂಡಕ್ಕೆ ಹೋಗಿ ಕೇಳಿ, ಹೂಂ ಎಂದು, ನಲ್ಲಿಯಲ್ಲಿ ಕಿವಿ ಒರೆಸಿಕೊಂಡೇ ಒಳಗೆ ಬರುತ್ತಿದ್ದರು. ಚುನಾವಣೆ ಬಂದಾಗ ಒಬ್ಬ ಅಭ್ಯರ್ಥಿ ಬೆಳಗಿನಿಂದ ಬೈಗಿನವರೆಗೆ ಕೈಮುಗಿದು, ಊರಿನ ಅಭಿವೃದ್ಧಿಯಾಗಲಿ ದೇವರೇ ಎಂದು ಬೇಡಿದ. ಒಂದು ಫೋನೂ ಅಲ್ಲಾಡಲಿಲ್ಲ. ಮನಸಾರೆ ಅನ್ನುವುದಕ್ಕೆ ಅರ್ಥ ಇದೆ ಎಂದು ಆಗಲೇ ಎಲ್ಲರಿಗೂ ಗೊತ್ತಾದದ್ದು. ದೂರದೇಶದಲ್ಲಿ ಯುದ್ಧ ಶುರುವಾದಾಗ ಬೇಕರಿಯ ಹೆಂಗಸು ಯಾರೋ ಗುರುತಿಲ್ಲದ ಮಕ್ಕಳಿಗಾಗಿ ಬೇಡಿಕೊಂಡಳಂತೆ. ಅದು ದಿನಸಿ ಅಂಗಡಿಯ ದಸ್ತಗೀರ್ ಸಾಬರಿಗೆ ಬಂದು, ಅವರು ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಮಧ್ಯಾಹ್ನದವರೆಗೆ ಸುಮ್ಮನೆ ಕೂತಿದ್ದರು. ಬೇಡಿಕೆ ಏನೆಂದು ಆಡಬಾರದಾದರೂ ಇಂಥವು ಹೇಗೋ ಸೋರುತ್ತವೆ. ಹೂಂ ಎಂದರೆ ದೇವರು ಕೊಡುತ್ತಾನೋ ಇಲ್ಲವೋ ಎನ್ನುವುದು ಮಾತ್ರ ಇತ್ಯರ್ಥವಾಗಲಿಲ್ಲ. ಕೊಡುತ್ತಾನೆ ಎನ್ನುವವರೂ ಇದ್ದರು. ನನ್ನನ್ನು ಕೇಳಿದರೆ, ಕೊಟ್ಟಾಗ ಕೊಟ್ಟ ಅನ್ನುತ್ತಾರೆ, ಕೊಡದಿದ್ದಾಗ ಹೂಂ ಸಣ್ಣಗಾಯಿತು ಅನ್ನುತ್ತಾರೆ, ಅಷ್ಟೇ.

ಕೇಳಿದ್ದನ್ನು ಆಡಬಾರದು ಎನ್ನುವುದು ಊರಿಗೆ ಚೆನ್ನಾಗಿ ತಟ್ಟಿದ್ದು ಅನಂತಯ್ಯನವರಿಂದ. ಅವರು ಒಂಟಿ ಮನುಷ್ಯ. ದೇವರ ಹತ್ತಿರ ಏನೂ ಬೇಡುತ್ತಿರಲಿಲ್ಲ, ಇವತ್ತು ಹುರುಳಿಸಾರು ಮಾಡಿದೆ, ಉಪ್ಪು ಸಾಲಲಿಲ್ಲ, ಕೊಡೆ ಎಲ್ಲೋ ಮರೆತೆ ಎಂದು ದಿನದ ವರದಿ ಒಪ್ಪಿಸುತ್ತಿದ್ದರು. ಊರಿನಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಒಮ್ಮೊಮ್ಮೆ ಅದು ಬಂದಿತ್ತು. ಒಂದು ದಿನ ಯಾರೋ ಸಲಿಗೆಯಿಂದ, ಇವತ್ತು ಉಪ್ಪು ಸರಿಯಾಗಿ ಹಾಕಿದ್ರಾ ಯಜಮಾನ್ರೇ ಎಂದು ಬೀದಿಯಲ್ಲಿ ಕೇಳಿಬಿಟ್ಟರು. ಅವತ್ತಿನಿಂದ ಅನಂತಯ್ಯನವರ ಪ್ರಾರ್ಥನೆ ಯಾರಿಗೂ ಬರಲಿಲ್ಲ. ಸಂಜೆ ಜಗಲಿಯ ಮೇಲೆ ಬಾಯಿ ಬಿಗಿದುಕೊಂಡು ಕೂತಿರುತ್ತಿದ್ದರು. ನಾವು ತಲೆ ತಗ್ಗಿಸಿಕೊಂಡು ಹೋಗುತ್ತಿದ್ದೆವು.

ಇದೆಲ್ಲ ಹೇಳಿದೆ, ಮುಖ್ಯವಾದದ್ದು ಉಳಿಯಿತು. ಒಂದೇ ಒಲೆಯಲ್ಲಿ ಉಣ್ಣುವವರಿಗೆ ಒಬ್ಬರದು ಒಬ್ಬರಿಗೆ ಬರುವುದಿಲ್ಲ. ಗಂಡನದು ಹೆಂಡತಿಗೆ ಬರುವುದಿಲ್ಲ, ಮಕ್ಕಳದು ತಾಯಿಗೆ ಬರುವುದಿಲ್ಲ. ಮಗಳನ್ನು ಮದುವೆ ಮಾಡಿ ಊರೊಳಗೇ ಕೊಟ್ಟ ತಾಯಂದಿರು ಫೋನು ಕೈಯಲ್ಲೇ ಹಿಡಿದುಕೊಂಡು ಓಡಾಡುತ್ತಾರೆ. ಎಂದೋ ಒಂದು ದಿನ ಮಗಳ ದನಿ ಬರುತ್ತದೆ. ಅಂದರೆ ಅವಳೀಗ ನಿಜವಾಗಿ ಬೇರೆ ಮನೆಯವಳಾದಳು. ಆ ತಾಯಿ ಬೀದಿಗೆಲ್ಲ ಸಕ್ಕರೆ ಹಂಚಿ, ಒಳಗೆ ಹೋಗಿ ಅಳುತ್ತಾಳೆ. ಅಣ್ಣತಮ್ಮಂದಿರ ವಿಷಯ ಬೇರೆ. ತಮ್ಮನ ಪ್ರಾರ್ಥನೆ ಅಣ್ಣನಿಗೆ ಬಂದರೆ, ಇವನು ಮನಸ್ಸಿನಲ್ಲಿ ಆಗಲೇ ಪಾಲಾಗಿದ್ದಾನೆ ಎಂದು ಅಣ್ಣ ಅಳತೆಯ ಟೇಪು ತರುತ್ತಾನೆ. ‘ಕರೆ ಬಂದಮೇಲೆ ಒಲೆ ಎರಡು’ ಎನ್ನುವುದು ನಮ್ಮ ಕಡೆ ಗಾದೆಯೇ ಆಗಿಹೋಗಿದೆ.

ಈಗ ನಾನು ಫೋನು ಎಸೆದದ್ದು ಯಾಕೆಂದು ತಿಳಿಯಿತಲ್ಲ.

ಗಂಡ ಮರಿಸ್ವಾಮಿ ಹೋದಾಗ ನನ್ನ ಅಣ್ಣ ಬಂದು, ಹೊರಡು ಅಂದಿದ್ದ. ತಿಥಿಯ ಪಾತ್ರೆಗಳನ್ನು ಇನ್ನೂ ತೊಳೆದಿರಲಿಲ್ಲ. ಅತ್ತೆ ಗಿರಣಿಯ ಬೀಗದ ಕೈಯನ್ನು ನನ್ನ ಸೆರಗಿಗೆ ಕಟ್ಟಿದರು. ನಾನು ಉಳಿದೆ. ಅಲ್ಲಿಂದೀಚೆಗೆ ಬೆಳಿಗ್ಗೆ ಅವರು ಮುದ್ದೆ ತೊಳಸಿದರೆ ನಾನು ಸಾರು ಕೂಡಿಸುತ್ತಿದ್ದೆ. ಅವರು ಕಾಳು ಕೇರಿದರೆ ನಾನು ಬೀಸುತ್ತಿದ್ದೆ. ಮಾತು ಕಡಿಮೆ. ಗಿರಣಿಯ ಸದ್ದಿನಲ್ಲಿ ಬದುಕುವವರಿಗೆ ಮಾತಿನ ಅಭ್ಯಾಸ ತಪ್ಪುತ್ತದೆ, ಕಣ್ಣು ಕೈಯಲ್ಲೇ ಮುಗಿದುಹೋಗುತ್ತದೆ. ಮಗನ ಹೆಸರನ್ನು ಅವರು ಎತ್ತುತ್ತಿರಲಿಲ್ಲ, ನಾನೂ ಎತ್ತುತ್ತಿರಲಿಲ್ಲ. ಆದರೂ ಅದು ನನ್ನ ಮನೆ ಎಂದು ನನಗೆ ಅನುಮಾನವೇ ಇರಲಿಲ್ಲ. ಅವರು ಸಂಜೆ ಸಂಜೆ ಕೋಡಿಯಮ್ಮನ ಗುಡಿಗೆ ಹೋಗಿ ಏನು ಬೇಡಿಕೊಳ್ಳುತ್ತಾರೋ ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಎನ್ನುವುದೇ ನನಗೆ ಧೈರ್ಯವಾಗಿತ್ತು.

ಮಾರನೆಯ ದಿನ ಅದೇ ಹೊತ್ತಿಗೆ ಫೋನು ಅದುರುತ್ತದೆಂದು ಗೊತ್ತಿತ್ತಲ್ಲ, ಹೊತ್ತು ಹತ್ತಿರವಾಗುತ್ತಿದ್ದಂತೆ ಅದನ್ನು ಡಬ್ಬಕ್ಕೆ ಹಾಕಿ, ಬೀಸಲು ಏನೂ ಇಲ್ಲದಿದ್ದರೂ ಗಿರಣಿ ಚಾಲೂ ಮಾಡಿಬಿಟ್ಟೆ. ಕಾಳಿಲ್ಲದೆ ಕಲ್ಲಿಗೆ ಕಲ್ಲು ಉಜ್ಜಿ ಕಿಡಿ ಹಾರಿತು, ಸುಟ್ಟ ವಾಸನೆ ಬಂತು. ಅದರ ಮುಂದಿನ ದಿನವೂ ಹಾಗೇ ಮಾಡಿದೆ. ಗಿರಣಿಯವಳೊಬ್ಬಳು ಮಾಡಬಾರದ ಕೆಲಸ ಅದು. ಗುಡಿಯಿಂದ ಬಂದ ಅತ್ತೆ ಕಲ್ಲಿನ ಮೇಲೆ ಅಂಗೈ ಇಟ್ಟು ನೋಡಿ, ಕಾಳು ಹಾಕ್ದೆ ಕಲ್ಲು ತಿರುಗಿಸಿದ್ಯಾ ಎಂದು ಕೇಳಿದರು. ನಿಮ್ಮ ಕಲ್ಲಿಗೆ ಏನೂ ಆಗಿಲ್ಲ ಬಿಡಿ ಎಂದೆ. ನಿಮ್ಮ ಎನ್ನುವುದನ್ನು ಒತ್ತಿಯೇ ಹೇಳಿದ್ದೆ. ಅವರು ಕಲ್ಲಿನಿಂದ ಕೈ ತೆಗೆದು ಸೆರಗಿಗೆ ಒರೆಸಿಕೊಂಡರು.

ಆಮೇಲಿನ ದಿನಗಳಲ್ಲಿ ನಾನು ಬಹಳ ಕೆಟ್ಟದಾಗಿ ನಡೆದುಕೊಂಡೆ. ನಿಮ್ಮ ಮನೆ, ನಿಮ್ಮ ಪಾತ್ರೆ, ನಿಮ್ಮ ಹಸು ಎಂದೆ. ತಟ್ಟೆ ಎತ್ತಿಕೊಂಡು ಹೊಸ್ತಿಲ ಆಚೆ ಹೋಗಿ ಕೂತು ಉಂಡೆ. ಅವರು ಬಡಿಸುವಾಗ ಸೌಟು ಕಡಿಮೆ ಮುಳುಗಿತೇ ಎಂದು ನೋಡಿದೆ. ಸೌಟು ಎಂದಿನಂತೆಯೇ ಮುಳುಗುತ್ತಿತ್ತು, ಅದಕ್ಕೂ ಸಿಟ್ಟು ಬಂತು. ನನ್ನ ಬಗ್ಗೆ ಕೆಟ್ಟದ್ದು ಬೇಡಿಕೊಳ್ಳುವಾಗಲೂ ಸಾರು ಸರಿಯಾಗಿ ಬಡಿಸುತ್ತಾರಲ್ಲ ಎನಿಸಿತು. ಏನು ಬೇಡಿದ್ದಾರೆ ಎಂದು ಕೇಳಿಯೇ ಇಲ್ಲದವಳು, ಕೆಟ್ಟದ್ದೇ ಎಂದು ತೀರ್ಮಾನ ಮಾಡಿಬಿಟ್ಟಿದ್ದೆ. ನಮ್ಮೂರಿನವರು ಮಾಡುವ ತಪ್ಪೇ ಇದು. ದನಿ ಯಾರದು ಎಂದು ತಿಳಿದರೆ ಸಾಕು, ಮಾತು ನಮಗೆ ಬೇಕಾಗುವುದಿಲ್ಲ.

ಒಂದು ಮಧ್ಯಾಹ್ನ ನನಗೆ ಒಂದು ಹುಚ್ಚು ಹೊಳೆಯಿತು. ಅವರದು ನನಗೆ ಬರುವುದಾದರೆ ನನ್ನದೂ ಅವರಿಗೆ ಹೋಗಲಿ, ನೋಡಿಯೇಬಿಡೋಣ. ಅತ್ತೆ ಮೊರ ಹಿಡಿದು ಕೂತಿದ್ದರು, ಅವರ ಬಟನ್ನಿನ ಫೋನು ಕಿಟಕಿಯಲ್ಲಿತ್ತು. ನಾನು ಗಿರಣಿಯ ಗೋಡೆಯಲ್ಲಿದ್ದ ದೇವರ ಪಟದ ಮುಂದೆ ನಿಂತು ಕಣ್ಣು ಮುಚ್ಚಿದೆ. ಬೆಲ್ಟು ಹರಿಯದಿರಲಿ ಎಂದು ಬೇಡಿಕೊಳ್ಳಲು ಹೋದವಳಿಗೆ, ಒಳಗಿನಿಂದ ಬಂದದ್ದೇ ಬೇರೆ. ನನ್ನನ್ನು ಈ ಮನೆಯಿಂದ ಕಳಿಸಬೇಡ ಎಂದು ಬಂತು. ಕಣ್ಣು ತೆರೆದು ಕಿಟಕಿ ನೋಡಿದೆ. ಅತ್ತೆಯ ಫೋನು ಸುಮ್ಮನೆ ಮಲಗಿತ್ತು. ಪಕ್ಕದ ಅಂಗಡಿಯಲ್ಲಿ ಬಳೆಯ ಪಾರ್ವತಮ್ಮನ ಫೋನು ಹೊಡೆದುಕೊಂಡಿತು. ಮಾರನೆಯ ದಿನ ಪಾರ್ವತಮ್ಮ ಬಂದು, ಕಾರಣವೇ ಇಲ್ಲದೆ ನನ್ನ ಕೈಗೆ ಎರಡು ಹಸಿರು ಬಳೆ ಏರಿಸಿ, ಕಾಸು ಬೇಡವೆಂದು ಹೋದಳು. ಕೈಯಳತೆಯಲ್ಲಿದ್ದ ಅತ್ತೆಯ ಫೋನನ್ನು ಬಿಟ್ಟು ಅದು ಗೋಡೆಯಾಚೆಗೆ ಹೋಗಿತ್ತು, ಅಲ್ಲಿಗೆ ನನಗೆ ತಿಳಿಯಿತು. ನನ್ನ ಲೆಕ್ಕದಲ್ಲಿ ಅತ್ತೆ ನನ್ನ ಮನೆಯವರು. ಅವರ ಲೆಕ್ಕದಲ್ಲಿ ನಾನು ಅಲ್ಲ. ಒಂದೇ ಗೋಡೆಯ ಎರಡು ಮಗ್ಗುಲಲ್ಲಿ ಇಬ್ಬರೂ ಇದ್ದರೆ ಹೇಗೋ ಇರಬಹುದು. ಗೋಡೆ ಒಬ್ಬರಿಗೆ ಇದ್ದು ಇನ್ನೊಬ್ಬರಿಗೆ ಇಲ್ಲದಿದ್ದರೆ ಇರುವುದು ಕಷ್ಟ. ಅಷ್ಟು ಒಂಟಿ ನಾನು ಗಂಡ ಹೋದಾಗಲೂ ಆಗಿರಲಿಲ್ಲ.

ಇದರ ನಡುವೆ ಪರಶಿವಪ್ಪ ಬಂದರು. ಮೋಟರಿಗೆ ತಂತಿ ಸುತ್ತುವ ಕೆಲಸ ಅವರದು. ಹೆಂಡತಿ ಇಲ್ಲ, ಮಕ್ಕಳಿಲ್ಲ, ಮಾತಿಗೆ ಮುಂಚೆ ನಗುವ ಮನುಷ್ಯ. ನಮ್ಮ ಮೋಟರಿಗೆ ಏನೂ ಆಗದಿದ್ದಾಗಲೂ ಒಮ್ಮೊಮ್ಮೆ ಬಂದು ನೋಡಿಕೊಂಡು ಹೋಗುತ್ತಿದ್ದರು. ಅವರು ಬಂದಾಗ ನಾನೂ ಎರಡು ಮಾತು ಹೆಚ್ಚಾಗಿ ಆಡುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಹಿಂದೆಯೇ ಒಮ್ಮೆ, ನಾವಿಬ್ಬರೂ ಯಾಕೆ ಒಂದಾಗಬಾರದು ಎಂದು ನೆಟ್ಟಗೆ ಕೇಳಿದ್ದರು, ನಿಮ್ಮ ಅತ್ತೆಯವರೂ ಬರಲಿ ಎಂದಿದ್ದರು. ನಾನು ಅತ್ತೆಯ ಹತ್ತಿರ ಅದನ್ನು ಹೇಳದೆ, ಸುಮ್ಮನೆ ಮಾತಿಗೆಂಬಂತೆ, ಗಿರಣಿ ಮಾರಿ ಬೇರೆ ಕಡೆ ಹೋಗೋಣವೇ ಎಂದು ಕೇಳಿ ನೋಡಿದ್ದೆ. ಗಿರಣಿ ಮಾರುವುದೂ ಒಂದೇ, ಮರಿಸ್ವಾಮಿಯನ್ನು ಇನ್ನೊಂದು ಸಲ ಸ್ಮಶಾನಕ್ಕೆ ಹೊರುವುದೂ ಒಂದೇ ಅಂದಿದ್ದರು. ಮಗ ಹೋದಮೇಲೆ ಅವನ ಹೆಸರನ್ನು ಅವರ ಬಾಯಲ್ಲಿ ಕೇಳಿದ್ದು ಅದೊಂದೇ ಸಲ. ನಾನು ಆ ಮಾತನ್ನು ಅಲ್ಲಿಗೇ ಬಿಟ್ಟಿದ್ದೆ.

ಸುಟ್ಟ ವಾಸನೆಯ ಸುದ್ದಿ ಯಾರಿಂದಲೋ ತಿಳಿದು ಪರಶಿವಪ್ಪ ಮೋಟರು ಬಿಚ್ಚಿ ನೋಡಿದರು. ಏನೂ ಆಗಿಲ್ಲ, ಕಲ್ಲು ಮಾತ್ರ ಸವೆದಿದೆ, ಉಳಿಯಿಂದ ಮತ್ತೆ ಕಟೆಸಬೇಕು ಅಂದರು. ಆಮೇಲೆ ಬೆರಳಿನ ಗ್ರೀಸು ಒರೆಸಿಕೊಳ್ಳುತ್ತ, ಹೊಳೆಯಾಚೆಯ ಪೇಟೆಯಲ್ಲಿ ಅಂಗಡಿ ಹಿಡಿದಿರುವುದಾಗಿಯೂ ಸಂತೆ ಕಳೆದ ಮೇಲೆ ಅಲ್ಲಿಗೇ ಹೋಗಿಬಿಡುವುದಾಗಿಯೂ ಹೇಳಿದರು. ಅಷ್ಟರೊಳಗೆ ನೀವೊಂದು ಮಾತು ಹೇಳಿ, ಆಗದು ಅಂದರೂ ಬೇಸರವಿಲ್ಲ ಅಂದರು. ಬೇಸರವಿಲ್ಲ ಎನ್ನುವಾಗ ಅವರ ಮುಖದಲ್ಲಿ ನಗು ಇರಲಿಲ್ಲ.

ಸಂತೆಯ ಹಿಂದಿನ ಸಂಜೆ ಗಿರಣಿಯಲ್ಲಿ ಹೆಂಗಸರು ಡಬ್ಬ ಸಾಲಿಟ್ಟುಕೊಂಡು ನಿಂತಿದ್ದರು. ನಾನು ಹೊತ್ತು ನೋಡಿ ಫೋನನ್ನು ಡಬ್ಬಕ್ಕೆ ಹಾಕಿ, ಬೀಸುತ್ತಲೇ ಇದ್ದೆ. ಆಗ ಕರೆಂಟು ಹೋಯಿತು. ಕಲ್ಲು ತಿರುಗಿ ತಿರುಗಿ ನಿಧಾನವಾಗಿ ನಿಂತಿತು. ಆ ನಿಶ್ಶಬ್ದದಲ್ಲಿ ಹಿಟ್ಟಿನ ಡಬ್ಬದೊಳಗಿಂದ ಫೋನು ಗುಂಯ್‌ಗುಟ್ಟತೊಡಗಿತು. ಪಾರ್ವತಮ್ಮ ಡಬ್ಬದಿಂದ ಅದನ್ನು ಎತ್ತಿ ನೋಡಿದಳು. ಖಾಲಿ ಪರದೆ. ಅದನ್ನು ನನ್ನ ಕೈಗೆ ಕೊಟ್ಟಳು. ಒಬ್ಬೊಬ್ಬರಾಗಿ ಎಲ್ಲರೂ ಬೀದಿಗೆ ಇಳಿದು ಬೆನ್ನು ಮಾಡಿ ನಿಂತರು. ಕೇಳುವವರನ್ನು ಒಂಟಿ ಬಿಡುವುದು ನಮ್ಮೂರ ಮರ್ಯಾದೆ. ಅಷ್ಟು ಜನ ಮರ್ಯಾದೆ ಕೊಟ್ಟಮೇಲೆ ಕೇಳದೆ ಇರುವುದು ಹೇಗೆ.

ಅತ್ತೆಯ ದನಿ ಅಷ್ಟು ಹತ್ತಿರದಿಂದ ನಾನು ಎಂದೂ ಕೇಳಿರಲಿಲ್ಲ. ಉಸಿರೂ ಕೇಳುತ್ತಿತ್ತು.

‘ಅಮ್ಮಾ ಕೋಡಿಯಮ್ಮ, ನಾನು ಹೊಂಬಾಳೆ ಬಂದಿವ್ನಿ ಕಣವ್ವ. ನನ್ ಮಗನ್ನ ಕೇಳ್ದೆ, ಕೊಡ್ನಿಲ್ಲ. ಅದು ಆಯ್ತು ಬುಡು. ಈಗ ಈ ಹೆಣ್ಣಿನ ವಿಚಾರ. ಆ ಮೋಟ್ರಪ್ಪ ಬಂದಾಗ ಅವ್ಳು ನಗ್ತಾಳೆ ಕಣವ್ವ, ನಾನು ನೋಡಿವ್ನಿ. ನಾನಿವ್ನಿ ಅಂತ ಕಾಲು ಕಟ್ಕಂಡು ಕೂತವ್ಳೆ. ನಾನೇ ಬೀಗದ ಕೈ ಕಟ್ಟಿ ಕೂರಿಸ್ದೆ, ನನ್ ಸ್ವಾರ್ಥಕ್ಕೆ. ಮನಸ್ನಲ್ಲಿ ಅವ್ಳನ್ನ ಕಳಿಸ್ಕೊಟ್ಟಿವ್ನಿ, ಮಗ್ಳನ್ನ ಕಳಿಸ್ದಂಗೆ. ಆದ್ರೆ ಬಾಯಿ ಮೇಲೆ ನಂಬ್ಕೆ ಇಲ್ಲ ಕಣವ್ವ. ಅವ್ಳು ಹೋಯ್ತೀನಿ ಅಂದ ದಿನ ನನ್ ಬಾಯಲ್ಲಿ ಬ್ಯಾಡ ಅಂತ ಬಂದ್ರೆ ಅವ್ಳು ನಿಂತ್ಬುಡ್ತಾಳೆ. ಅದೊಂದು ಮಾತು ನನ್ ಬಾಯಿಗೆ ಬರ್ದಂಗೆ ನೋಡ್ಕೊ. ಇನ್ನೇನೂ ಕೇಳಲ್ಲ.’

ಆಮೇಲೆ ಮಾತಿಲ್ಲ. ನನ್ನ ಹೂಂಗಾಗಿ ಕಾಯುವ ಮೌನ. ಹೊರಗೆ ಹೆಂಗಸರು ಬೆನ್ನು ಮಾಡಿ ನಿಂತೇ ಇದ್ದರು. ನನಗೆ ಅಳು ಒತ್ತಿಕೊಂಡು ಬಂತು. ಇಷ್ಟು ದಿನ ಹೊಸ್ತಿಲ ಆಚೆ ಕೂತು ಉಂಡೆನಲ್ಲ, ನಿಮ್ಮ ಪಾತ್ರೆ ಅಂದೆನಲ್ಲ ಎಂದು ನಾಚಿಕೆಯಾಯಿತು. ಇನ್ನೊಂದು ದಿನ ಇದನ್ನು ಕಾಯಿಸಬಾರದು, ಆ ಮುದುಕಿ ಬೇಡಿಕೊಂಡದ್ದು ಅರ್ಧದಲ್ಲೇ ತೂಗಾಡಬಾರದು ಎನಿಸಿತು. ಕೇಳಿದೆ ಕಣಮ್ಮ, ನಿನ್ನ ಮನಸ್ಸು ನನಗೆ ತಿಳಿಯಿತು ಎಂಬ ಅರ್ಥದಲ್ಲಿ, ತುಂಬು ಗಂಟಲಿನಲ್ಲಿ, ಬೀದಿಗೆಲ್ಲ ಕೇಳುವಷ್ಟು ಜೋರಾಗಿ ಹೂಂ ಎಂದೆ. ಪರದೆ ಆರಿತು. ಬೆರಳು ಒದ್ದೆ ಮಾಡಿಕೊಂಡು ಕಿವಿ ಒರೆಸಿದರೆ ಅಲ್ಲಿ ಮೆತ್ತಿದ್ದ ಹಿಟ್ಟೆಲ್ಲ ಕಣಕವಾಗಿ ಅಂಟಿತು. ಪಾರ್ವತಮ್ಮ ತಿರುಗಿ ನೋಡಿ ನಕ್ಕಳು, ನಾನೂ ನಕ್ಕೆ.

ಮನೆಗೆ ಹೋಗುವ ದಾರಿಯುದ್ದಕ್ಕೂ ನಾನು ಒಂದೇ ಯೋಚನೆಯಲ್ಲಿದ್ದೆ. ಮಗಳು ಎಂದಿದ್ದಾರೆ. ಮಗಳೇ ಆದರೆ, ನಾನು ಹೋಗುತ್ತೇನೆ ಎಂದಾಗ ಒಂದು ಸಲ ಬೇಡ ಅನ್ನಲಿ. ಅದೊಂದನ್ನು ನನ್ನ ಕಿವಿಯಿಂದ ಕೇಳಬೇಕು. ಫೋನಿನಲ್ಲಿ ಅಲ್ಲ, ಕೋಡಿಯಮ್ಮನಿಗೆ ಹೇಳಿದ್ದಲ್ಲ, ನನಗೇ ಹೇಳಬೇಕು. ಬೇಡ ಎಂದರೆ ಕಾಲು ಹಿಡಿದುಕೊಂಡು, ನೀವೂ ಬನ್ನಿ, ಗಿರಣಿಯ ಕಲ್ಲನ್ನೇ ಗಾಡಿಗೆ ಹಾಕಿಕೊಂಡು ಹೋಗೋಣ ಎನ್ನುತ್ತೇನೆ. ಬರುವುದಿಲ್ಲ ಎಂದರೆ ಪರಶಿವಪ್ಪನವರಿಗೆ ಆಗದು ಎಂದು ಹೇಳುತ್ತೇನೆ. ಎರಡರಲ್ಲಿ ಯಾವುದಾದರೂ ಸರಿ, ಮೊದಲು ಆ ಬೇಡ ಬರಲಿ. ಹೂಂ ಎಂದದ್ದರ ನೆನಪೇ ನನಗಿರಲಿಲ್ಲ. ಹೂಂ ಎಂದರೆ ದೇವರು ಕೊಡುತ್ತಾನೆ ಎನ್ನುವುದನ್ನೆಲ್ಲ ನಂಬದವಳಿಗೆ ನೆನಪಿರುವುದಾದರೂ ಹೇಗೆ.

ಅತ್ತೆ ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದರು. ನಾನು ಹೊಸ್ತಿಲ ಆಚೆ ಕೂರದೆ ಅವರ ಪಕ್ಕದಲ್ಲೇ ಮಣೆ ಎಳೆದುಕೊಂಡು ಕೂತೆ. ಅವರು ಅದನ್ನು ಗಮನಿಸಿ ಸ್ವಲ್ಪ ಸರಿದು ಜಾಗ ಕೊಟ್ಟರು.

‘ಅತ್ತೆ, ಪರಶಿವಪ್ಪನವ್ರು ಕೇಳವ್ರೆ. ನಾನು ಹೋಯ್ತೀನಿ.’

ಅವರ ಕೈ ನಿಂತಿತು. ನನ್ನತ್ತ ತಿರುಗಿದರು. ಕಣ್ಣು ನನ್ನ ಮುಖದ ಮೇಲೆಲ್ಲ ಓಡಾಡಿತು. ಬಾಯಿ ತೆರೆಯಿತು. ಗಂಟಲಿನ ನರ ಎದ್ದು ಕಾಣುತ್ತಿತ್ತು, ತುಟಿ ಕೂಡಿ, ಬಿಟ್ಟು, ಮತ್ತೆ ಕೂಡಿ, ಮಾತಿನ ಮೊದಲಿಗೆ ಬಂದು ನಿಂತಿತು. ನಾನು ಮುಂದಕ್ಕೆ ಬಗ್ಗಿ, ಅನ್ನಿ, ಅನ್ನಿ ಎಂದು ಮನಸ್ಸಿನಲ್ಲೇ ಕೂಗಿಕೊಳ್ಳುತ್ತಿದ್ದೆ. ಅವರ ಕಣ್ಣಿನಲ್ಲಿ ನೀರು ತುಂಬಿತು, ಒಂದು ಕೈ ಎದ್ದು ತಮ್ಮ ಗಂಟಲನ್ನು ತಾವೇ ಹಿಡಿದುಕೊಂಡಿತು. ಮಾತು ಬರಲಿಲ್ಲ. ಕೋಡಿಯಮ್ಮ ಕಟ್ಟಿದಳೋ, ಅವರೇ ಕಚ್ಚಿಹಿಡಿದರೋ ನನಗೆ ಇವತ್ತಿಗೂ ತಿಳಿಯದು. ಅವರಿಗೂ ತಿಳಿದಿತ್ತೋ ಇಲ್ಲವೋ. ಸ್ವಲ್ಪ ಹೊತ್ತಿನ ಮೇಲೆ ಕೈ ಇಳಿಯಿತು, ಬಾಯಿ ಮುಚ್ಚಿತು. ಅವರ ಮುಖದಲ್ಲಿ, ಬೇಡಿದ್ದು ಸಿಕ್ಕಿದವರ ಸಮಾಧಾನದಂಥದ್ದು ಬಂತು. ಮುದ್ದೆ ಕಟ್ಟಿ ನನ್ನ ತಟ್ಟೆಗೆ ಇಟ್ಟು, ಆರೋಯ್ತದೆ, ಉಣ್ಣು ಅಂದರು.

ನಾನು ಉಂಡೆ. ಬೇಡ ಎನ್ನುವ ಒಂದು ಮಾತಿಗಾಗಿ ಕಾಯುತ್ತಿದ್ದವಳು ಆ ಊರಿನಲ್ಲಿ ನಾನೊಬ್ಬಳೇ. ಆ ಮಾತು ಬರದಿರಲಿ ಎಂಬುದಕ್ಕೆ ಬೀದಿಗೆಲ್ಲ ಕೇಳುವ ಹಾಗೆ ಹೂಂ ಎಂದವಳೂ ನಾನೇ.